ಹಾಲುಜ್ವರ

ಹಸು ಈದ ಮನೆಯಿಂದ ಗಿಣ್ಣು ಬರುವುದೆಂದರೆ ನಮ್ಮ ಕಡೆ ಸಣ್ಣ ಹಬ್ಬವೇ ಸರಿ. ಬೆಲ್ಲ ಏಲಕ್ಕಿ ಬೆರೆಸಿ ಬೇಯಿಸಿದ ಆ ಗಿಣ್ಣನ್ನು ಸವಿಯುವಾಗ, ಅದು ತಾಯಿಯ ಮೈಯಿಂದ ಏನನ್ನು ಹೊತ್ತು ತಂದಿತೆಂದು ವಿಚಾರಿಸುವವರು ವಿರಳ. ಕೆಲವು ವರ್ಷಗಳ ಹಿಂದೆ ಕರಿಘಟ್ಟದ ತಪ್ಪಲಿನ ಒಂದು ಮನೆಯಲ್ಲಿ ನನಗೆ ಆ ವಿಚಾರಕ್ಕೆ ಪ್ರಸಂಗವೊದಗಿತು.

ಹಸು ಮಿಶ್ರತಳಿಯದು, ನಾಲ್ಕನೆಯ ಸೂಲು. ಮನೆಯ ಮಗಳ ಕಾಲೇಜಿನ ಶುಲ್ಕ ಅದರ ಕೆಚ್ಚಲಿನಿಂದಲೇ ಹುಟ್ಟಬೇಕಾಗಿದ್ದಿತು. ಈದ ಮರುದಿನ ಸಂಜೆ ಅದು ತೂರಾಡಿ, ರಾತ್ರಿಯ ಹೊತ್ತಿಗೆ ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಟ್ಟಿತು. ಕಿವಿಯನ್ನು ಮುಟ್ಟಿದರೆ ತಣ್ಣಗೆ. ಒಬ್ಬರು ದೃಷ್ಟಿ ನಿವಾಳಿಸಿದರು. ಇನ್ನೊಬ್ಬರು ಬೆಟ್ಟದ ಮೇಲಣ ಬೈರಾಗಿ ವೆಂಕಟರಮಣನಿಗೆ ಹರಕೆ ಹೊತ್ತರು. ಇವುಗಳಿಂದ ಹಸುವಿಗೆ ಕೇಡಿಲ್ಲ. ಕೇಡಿದ್ದುದು ಶುಂಠಿಯ ಕಷಾಯ ತುಂಬಿದ ಗೊಟ್ಟದಲ್ಲಿ. ಅಷ್ಟರಲ್ಲಿ ಬಂದ ಪಶುವೈದ್ಯರು ಅದನ್ನು ತಡೆದರು. ಈ ಸ್ಥಿತಿಯಲ್ಲಿ ನುಂಗುವ ಶಕ್ತಿ ಕುಂದಿರುವುದರಿಂದ ಹುಯ್ದುದು ಶ್ವಾಸಕೋಶಕ್ಕೆ ಇಳಿಯಬಹುದಂತೆ. ಹುಲ್ಲಿನ ಮೂಟೆಗಳನ್ನು ಒತ್ತಾಗಿ ಕೊಟ್ಟು ಹಸುವನ್ನು ಎದೆಯ ಮೇಲೆ ಕೂರಿಸಿ, ಕತ್ತಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ದ್ರಾವಣವನ್ನು ಬಹಳ ನಿಧಾನವಾಗಿ ಇಳಿಸಿದರು. ಅವಸರಪಟ್ಟರೆ ಹೃದಯವೇ ನಿಲ್ಲಬಹುದು. ಸ್ವಲ್ಪ ಹೊತ್ತಿಗೆ ಮೈ ಅದುರಿತು, ತೇಗು ಬಂದಿತು. ಬೆಳಗಾಗುವ ಮುನ್ನ ಹಸು ಎದ್ದು ಕರುವನ್ನು ನೆಕ್ಕುತ್ತಿದ್ದಿತು.

ಇದಕ್ಕೆ ಹಾಲುಜ್ವರವೆಂದು ಹೆಸರು. ಹೆಸರಿಟ್ಟವರು ಯಾರೋ ತಿಳಿಯದು. ರೋಗದಲ್ಲಿ ಜ್ವರವಂತೂ ಇಲ್ಲ, ಮೈಯ ಕಾವು ಸಹಜಕ್ಕಿಂತ ಇಳಿದಿರುತ್ತದೆ. ಹತ್ತು ಲೀಟರ್ ಗಿಣ್ಣಿನೊಡನೆ ಸುಮಾರು 20 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೊರಟುಹೋಗುತ್ತದೆ. ಹಸುವಿನ ರಕ್ತದಲ್ಲಿ ಒಟ್ಟು ಹರಿಯುತ್ತಿರುವುದೋ ಸುಮಾರು 3 ಗ್ರಾಂ. ಉಳಿದುದನ್ನು ಮೂಳೆಯಿಂದಲೂ ಮೇವಿನಿಂದಲೂ ಒಡನೆಯೇ ತರಬೇಕು. ತರಲು ತಡವಾದರೆ ಸ್ನಾಯುಗಳು ಸೋಲುತ್ತವೆ. ವಯಸ್ಸಾದ ಹಸುವಿನಲ್ಲಿ ಆ ತಡ ಹೆಚ್ಚು.

ಇದರ ಚಿಕಿತ್ಸೆಯ ಕಥೆ ವಿಚಿತ್ರವಾದುದು. ಡೆನ್ಮಾರ್ಕಿನ ಸ್ಮಿತ್ ಎಂಬ ಪಶುವೈದ್ಯರು 1897ರಲ್ಲಿ, ಕೆಚ್ಚಲಿನಲ್ಲಿ ವಿಷ ಹುಟ್ಟುವುದೆಂದು ಭಾವಿಸಿ, ಅದರೊಳಕ್ಕೆ ಔಷಧ ತುಂಬಿದರು, ಹಸುಗಳು ಬದುಕಿದವು. ಬಳಿಕ ಬರಿಯ ಗಾಳಿ ತುಂಬಿದರೂ ಬದುಕಿದವು. ವಿಷವಿರಲಿಲ್ಲ, ಒತ್ತಡದಿಂದ ಹಾಲು ಕಟ್ಟುವುದು ನಿಂತು ಕ್ಯಾಲ್ಸಿಯಂ ರಕ್ತದಲ್ಲಿಯೇ ಉಳಿಯುತ್ತಿದ್ದಿತು. ತಪ್ಪು ಊಹೆಯಿಂದ ಸರಿಯಾದ ಮದ್ದು! ಕ್ಯಾಲ್ಸಿಯಂ ಕೊರತೆಯೇ ಮೂಲವೆಂಬ ವಾದವನ್ನು 1925ರಲ್ಲಿ ಡ್ರೈಯರ್ ಮತ್ತು ಗ್ರೇಗ್ ಮುಂದಿಟ್ಟರು.

ಕರಿಘಟ್ಟದಿಂದ ಕಾಣುವ ಶ್ರೀರಂಗಪಟ್ಟಣ ಹಸುವಿನ ಚರಿತ್ರೆಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟೀಪೂ. ಹೆಸರು ಅಮೃತವಾದರೂ ಆ ತಳಿಯ ಕೀರ್ತಿ ಎಳೆಯುವುದರಲ್ಲಿಯೇ. ಹಾಲು ಕರುವಿಗೆ ಸಾಕಾಗುವಷ್ಟು. ಅಷ್ಟೇ ಕೊಡುವ ತಾಯಿಗೆ ಇಂಥ ಕುಸಿತ ಅಪರೂಪ. ಹೆಚ್ಚು ಹಾಲಿನ ಹಸುವನ್ನು ಕಟ್ಟಿದವರು ನಾವು. ನಾನು ಮಿಶ್ರತಳಿಯನ್ನು ಹಳಿಯುವವನಲ್ಲ. ಅದು ಬಂದುದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ನಾಲೆಯ ಬಯಲಿನಲ್ಲಿ ಅದಕ್ಕೆ ಸಿಕ್ಕುವುದು ಬತ್ತದ ಹುಲ್ಲು, ಕಬ್ಬಿನ ಸೋಗೆ. ಎರಡರಲ್ಲಿಯೂ ಇರುವ ಆಕ್ಸಲೇಟ್ ಎಂಬ ವಸ್ತು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಮೈಗೆ ದಕ್ಕಗೊಡದು.

ಹಾಗೆಂದು ಗಬ್ಬದ ಕೊನೆಯ ತಿಂಗಳು ಸೀಸೆಗಟ್ಟಲೆ ಕ್ಯಾಲ್ಸಿಯಂ ಕುಡಿಸುವವರುಂಟು. ಇದು ವಿಪರೀತ. ಹೊರಗಿನಿಂದ ಯಥೇಚ್ಛವಾಗಿ ದೊರೆತರೆ, ಮೂಳೆಯಿಂದ ಅದನ್ನು ಬಿಡಿಸಿ ತರುವ ಕತ್ತಿನ ಗ್ರಂಥಿಗಳು ಮೈಗಳ್ಳರಾಗುತ್ತವೆ. ಈದ ದಿನ ಅವು ಏಳುವಷ್ಟರಲ್ಲಿ ಹಸು ಬಿದ್ದಿರುತ್ತದೆ. ಆ ಸೀಸೆ ಕರು ನೆಲಕ್ಕೆ ಬಿದ್ದ ಮೇಲಿನದು. ಗಬ್ಬದ ಹಸುವಿಗೆ ಆ ತಿಂಗಳು ಬೇಕಾದುದು ನೆರಳು, ನೀರು, ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಏರುವ ಹಿಂಡಿ.