ಕೊನೆಯ ‘ಇಲ್ಲ’ ಎಲ್ಲಿ ಹೋಯಿತು?

2021ರ ಜೂನ್. ಶಾಲೆಗೆ ಬೀಗ, ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಸೇಡಂನ ಮನೆಯ ಪಡಸಾಲೆಯಲ್ಲಿ ಮೊಬೈಲನ್ನು ಎದುರಿಗಿಟ್ಟುಕೊಂಡು ವಿದ್ಯುತ್ತಿನ ಪಾಠ ಮಾಡುತ್ತಿದ್ದೆ. ‘ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಬದಲಾಗುವುದಿಲ್ಲ’ ಎಂದೆ. ಮರುದಿನ ಚಿಂಚೋಳಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಕಳಿಸಿದ ನೋಟ್ಸಿನಲ್ಲಿ ‘ಬದಲಾಗುವುದು’ ಎಂದಿತ್ತು. ಜಾಣ ಹುಡುಗಿ. ಕೇಳಿದರೆ, “ನೀವೇ ಹಂಗ ಹೇಳಿದ್ರಿ ಸರ್. ನಿಮ್ಮ ದನಿ ಕಡದು ಕಡದು ಬರ್ಲತ್ತಿತ್ರಿ” ಎಂದಳು.

ನಮ್ಮ ಭಾಷೆಯಲ್ಲಿ ‘ಇಲ್ಲ’ ಬರುವುದು ವಾಕ್ಯದ ತುದಿಗೆ. ಅದೊಂದು ಬಿದ್ದುಹೋದರೆ ಓಮನ ನಿಯಮವೂ ತಲೆಕೆಳಗು!

ನನಗೆ ಸಿಟ್ಟು ಬಂದಿತ್ತು. ಕಂಪನಿಗೆ ತಿಂಗಳು ತಿಂಗಳು ಹಣ ಕಟ್ಟುತ್ತೇನೆ, ವೇಗ ಅಳೆದು ನೋಡಿದರೆ ಚೆನ್ನಾಗಿಯೇ ಇದೆ. ಆಮೇಲೆ ತಿಳಿಯಿತು, ಅದೇ ಹೊತ್ತಿಗೆ ಒಳಕೋಣೆಯಲ್ಲಿ ಮಗ ಕಾಲೇಜಿಗೆ ದೊಡ್ಡದೊಂದು ವಿಡಿಯೋ ಕಳಿಸುತ್ತಿದ್ದ. ನಮ್ಮ ಮನೆಗೆ ಮಾಹಿತಿ ಬರುವ ದಾರಿ ಅಗಲ, ಹೋಗುವ ದಾರಿ ಸೆಕೆಂಡಿಗೆ ಸುಮಾರು 10 ಲಕ್ಷ ಬಿಟ್‌ಗಳಷ್ಟೇ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ವಿಡಿಯೋದ ಒಂದು ಪೊಟ್ಟಣ 1500 ಬೈಟ್, ಅಂದರೆ 12,000 ಬಿಟ್. ಅದು ದಾಟಲು 12 ಮಿಲಿಸೆಕೆಂಡು ಬೇಕು. ಅಂಥವು ಇಪ್ಪತ್ತು ಸಾಲಿನಲ್ಲಿ ಮುಂದಿದ್ದರೆ ನನ್ನ ಮಾತಿನ ಪುಟ್ಟ ಪೊಟ್ಟಣ 240 ಮಿಲಿಸೆಕೆಂಡು ಕಾಯಬೇಕು. ಮಾತುಕತೆ ಸಲೀಸಾಗಿ ಸಾಗಲು ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡು ದಾಟಬಾರದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಸಾಲು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಹೊತ್ತು ಮೀರಿ ಬಂದ ಚೂರನ್ನು ಆಚೆಯ ಫೋನು ಬಿಸಾಡುತ್ತದೆ. ವಿಡಿಯೋಗೆ ತಡವಾದರೆ ನಷ್ಟವಿಲ್ಲ, ಮಾತಿಗೆ ಉಂಟು.

ಇದನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಲು ವಾಡಿ ಜಂಕ್ಷನ್ ಸಾಕು. ಶಹಾಬಾದ್ ಕಡೆಯಿಂದ ಬಂದ ಹಳಿ ಅಲ್ಲಿ ಕವಲೊಡೆದು ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುತ್ತದೆ. ಸಿಮೆಂಟಿನ ಗೂಡ್ಸ್ ಗಾಡಿ ಲೂಪ್ ಲೈನಿನಲ್ಲಿ ನಿಂತಿರುತ್ತದೆ. ಎಕ್ಸ್‌ಪ್ರೆಸ್ ಸಿಳ್ಳೆ ಹಾಕಿ ದಾಟುತ್ತದೆ. ಹಳಿ ಒಂದೇ, ವೇಗ ಹೆಚ್ಚಲಿಲ್ಲ, ಸರದಿ ಮಾತ್ರ ಬದಲಾಯಿತು. ಆದರೆ ಎಲ್ಲ ಗಾಡಿಗೂ ಎಕ್ಸ್‌ಪ್ರೆಸ್ ಎಂಬ ಹಲಗೆ ತೂಗುಹಾಕಿದರೆ? ಗೂಡ್ಸನ್ನು ದಿನಗಟ್ಟಲೆ ನಿಲ್ಲಿಸಿದರೆ? ಆದ್ದರಿಂದ ಮಾತು ಕೊಡುವ ಮುನ್ನ ಎಷ್ಟು ಜನಕ್ಕೆ ಕೊಡಬಲ್ಲೆವೆಂದು ಎಣಿಸಬೇಕು.

ಇಂಟರ್‌ನೆಟ್ ಕಟ್ಟಿದವರೂ ಇದೇ ಗೊಂದಲದಲ್ಲಿದ್ದರು. 1994ರಲ್ಲಿ ಪ್ರತಿ ಸಂವಾದಕ್ಕೂ ದಾರಿಯುದ್ದಕ್ಕೂ ಸೀಟು ಕಾದಿರಿಸುವ ಯೋಜನೆ ಮುಂದಿಟ್ಟರು. ಕೋಟಿಗಟ್ಟಲೆ ಸಂವಾದಗಳ ಪಟ್ಟಿ ಇಡುವುದು ಯಾರಿಂದ ಸಾಧ್ಯ? 1998ರಲ್ಲಿ ಪೊಟ್ಟಣದ ಮೇಲೆ ದರ್ಜೆಯ ಗುರುತು ಹಾಕುವ ಸರಳ ಉಪಾಯ ಬಂತು. (ನಮ್ಮ ಕಾಲದ ಟ್ರಂಕ್ ಕಾಲಿನಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಇದ್ದವಲ್ಲ, ಹಾಗೆಯೇ. ಪಾಲಕರಿಗೆ ನೆನಪಿರಬೇಕು.) ಒಂದು ಕಂಪನಿಯ ಜಾಲದೊಳಗೆ ಈ ಗುರುತು ನಡೆಯುತ್ತದೆ, ಇನ್ನೊಂದರ ಗಡಿ ದಾಟಿದ ಮೇಲೆ ಅದನ್ನು ಮನ್ನಿಸಲೇಬೇಕೆಂದಿಲ್ಲ. 4ಜಿ ಜಾಲದ ಮೂಲಕ ಮಾಡುವ ಸಾಮಾನ್ಯ ಕರೆಗೆ ಕಂಪನಿ ಪ್ರತ್ಯೇಕ ಖಾತರಿ ದಾರಿ ಕೊಡುತ್ತದೆ. ಆ್ಯಪಿನ ತರಗತಿಗೆ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ.

ಚಿಂಚೋಳಿಗಂತೂ ರೈಲೇ ಇಲ್ಲ. ವಾಡಿಯಲ್ಲಿ ಎಷ್ಟೇ ಬೇಗ ಹಸಿರು ದೀಪ ಹತ್ತಿದರೂ ಕೊನೆಗೆ ಬಸ್ಸಿಗೆ ಕಾಯಬೇಕು. ಆ ಹುಡುಗಿಯ ಊರಿನ ಮೊಬೈಲ್ ಟವರಿನ ಎದುರು ಎಷ್ಟು ಸಾಲು ಇತ್ತೋ, ಅದು ನನ್ನ ಕೈಯಲ್ಲಿರಲಿಲ್ಲ. ನನ್ನ ಮನೆಯ ಸಾಲು ನನ್ನ ಕೈಯಲ್ಲಿತ್ತು. ಮಗ ರೌಟರಿನ ಸೆಟ್ಟಿಂಗ್ ತೆರೆದು ಪಾಠದ ಮೊಬೈಲಿಗೆ ಮೊದಲ ಸರದಿ ಕೊಟ್ಟ. ತನ್ನ ವಿಡಿಯೋಗಳನ್ನು ರಾತ್ರಿ ಕಳಿಸತೊಡಗಿದ.

ನಾನೂ ವಾಕ್ಯ ತಿದ್ದಿಕೊಂಡೆ. ಮುಂದಿನ ತರಗತಿಯಲ್ಲಿ, “ಸರಣಿಯಲ್ಲಿ ಪ್ರವಾಹ ಎಲ್ಲಾ ಕಡೆ ಒಂದೇ” ಎಂದು ಮೂರು ಸಲ ಹೇಳಿ, ಅವಳಿಂದಲೇ ಓದಿಸಿದೆ. “ಒಂದೇ ಅಂತ ಬರದೀನ್ರಿ ಸರ್” ಎಂದಳು. ಆ ದಿನ ಅವಳ ದನಿ ಪೂರ್ತಿ ಬಂತು.