ಗಾಜಿನ ಮೇಲಿನ ಬಣ್ಣ

ಸೀರೆ ಕೊಳ್ಳಲು ಹೋದ ಹಿರಿಯ ಹೆಂಗಸರು ಅಂಗಡಿಯ ದೀಪವನ್ನು ನಂಬುವವರಲ್ಲ. ಮನಸ್ಸಿಗೊಪ್ಪಿದ ಸೀರೆಯ ಸೆರಗನ್ನು ಹಿಡಿದು ಬಾಗಿಲ ಬಳಿಗೆ ಬಂದು, ಹಗಲಿನ ಬೆಳಕಿನಲ್ಲಿ ಎರಡು ಸಲ ತಿರುಗಿಸಿ ನೋಡಿದ ಮೇಲೆಯೇ ಬೆಲೆಯ ಮಾತು. ದೀಪಕ್ಕೊಂದು ಬಣ್ಣ, ಬಿಸಿಲಿಗೊಂದು ಬಣ್ಣ ಎಂಬುದನ್ನು ಅವರು ಶಾಸ್ತ್ರಗ್ರಂಥದಿಂದ ಕಲಿತುದಲ್ಲ, ಅನುಭವದಿಂದ ಅರಿತುದು. ಈಗ ಅಂಗಡಿಯೇ ಕಂಪ್ಯೂಟರಿನ ಗಾಜಿನೊಳಗೆ ಬಂದು ಕುಳಿತಿದೆ. ಅದರೊಳಗಿನ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುವ ಬಗೆ ಹೇಗೆ?

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಮೈಯ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವುದು ನೇಕಾರರ ವಿಶೇಷವಾದ ಕೈಗಾರಿಕೆ. ಅಂಥ ಮನೆಯ ಯುವಕನೊಬ್ಬನು ತಂದೆ ನೇಯ್ದ ಸೀರೆಗಳ ಚಿತ್ರಗಳನ್ನು ಕಂಪ್ಯೂಟರಿನ ಮೂಲಕ ದೂರದೂರಿನವರಿಗೆ ತೋರಿಸಿ ಮಾರುವ ಉದ್ಯೋಗವನ್ನು ಕೈಗೊಂಡನು. ಅವನು ಪ್ರಾಮಾಣಿಕ. ಸೀರೆಯನ್ನು ಗಾಜಿನ ಪಕ್ಕದಲ್ಲಿಯೇ ಹಿಡಿದುಕೊಂಡು, ಚಿತ್ರದ ಬಣ್ಣ ಅದಕ್ಕೆ ಸರಿಹೋಗುವವರೆಗೂ ತಿದ್ದುತ್ತಿದ್ದನು. ಆದರೂ ದಾಳಿಂಬೆಯ ಬಣ್ಣದ ಸೀರೆಯೊಂದು ಎಂಟು ದಿನದಲ್ಲಿ ಹಿಂದಿರುಗಿತು. ಮಂಕಾದ ಕೆಂಪನ್ನು ತೋರಿಸಿ ಕಣ್ಣು ಕುಕ್ಕುವ ಕೆಂಪನ್ನು ಕಳುಹಿಸಿದ್ದೀರಿ, ಇದು ಮೋಸ ಎಂದು ಪತ್ರವೂ ಬಂದಿತು. ಅಂಚೆಯ ವೆಚ್ಚ ಸಣ್ಣ ನಷ್ಟ. ತಲೆಮಾರುಗಳಿಂದ ಮಗ್ಗವನ್ನು ನಂಬಿ ಬಾಳಿದ ಮನೆಗೆ ಆ ಒಂದು ಮಾತು ದೊಡ್ಡ ನಷ್ಟ.

"ನೂಲು ಸುಳ್ಳು ಹೇಳಾಂಗಿಲ್ಲ ತಮ್ಮಾ, ನಿನ್ನ ಗಾಜು ಏನು ಹೇಳ್ತೈತಿ, ಅದನ್ನ ನೋಡು," ಎಂದನು ತಂದೆ.

ತಂದೆಯ ಮಾತು ನ್ಯಾಯವಾದುದೇ. ಕಂಪ್ಯೂಟರು ಬಣ್ಣವನ್ನು ಬಲ್ಲದು ಎಂಬುದು ಭ್ರಮೆ. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳಿಗೆ ಸಾಮಾನ್ಯವಾಗಿ 0 ಮೊದಲ್ಗೊಂಡು 255 ರವರೆಗೆ ಒಂದೊಂದು ಅಂಕಿ. ಇವುಗಳ ಕೂಟದಿಂದ 1,67,77,216 ಬಣ್ಣಗಳು ಹುಟ್ಟುವುವು. ಆದರೆ ಅಂಕಿ ಒಂದೇ ಆದರೂ ಗಾಜಿಗೊಂದು ಗುಣ. ಒಂದರ ಬಿಳುಪು ನೀಲಿಗೆ ವಾಲಿದರೆ, ಮತ್ತೊಂದರದು ಹಳದಿಗೆ ವಾಲುವುದು. ಮಾರುವವರು ಗಿರಾಕಿಯ ಕಣ್ಣು ಸೆಳೆಯಲೆಂದು ಕೆಲವನ್ನು ಅತಿ ಢಾಳಾಗಿಯೇ ಹೊಂದಿಸಿ ಕಳುಹಿಸುವುದೂ ಉಂಟು. ಯುವಕನ ಗಾಜು ಇಂಥ ಢಾಳುಗಾರ. ಅದು ಕೂಡಿಸಿದ ಬೆಡಗನ್ನು ಕಳೆಯಲೆಂದು ಅವನು ಚಿತ್ರವನ್ನು ತಗ್ಗಿಸಿದನು. ತಗ್ಗಿದ ಚಿತ್ರವು ಕೊಳ್ಳುವವಳ ಮನೆಯ ಸಾಧುವಾದ ಗಾಜಿನಲ್ಲಿ ಮಂಕಾಯಿತು. ಹಿಡಿದ ಸೇರೇ ಹೆಚ್ಚುಕಡಿಮೆಯಾಗಿದ್ದರೆ ಅಳೆಯುವವನ ಧರ್ಮವು ಏನು ಮಾಡೀತು?

ಈ ಸೇರಿಗೂ ಒಂದು ಸರಕಾರಿ ಮುದ್ರೆಯಂಥದು ಇದೆ. 1996 ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ಸೂಚಿಸಿದ ಎಸ್‌ಆರ್‌ಜಿಬಿ ಎಂಬ ಕಟ್ಟಳೆಯು 1999 ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಬಿಳುಪು ಎಂದರೆ ಸುಮಾರು 6500 ಕೆಲ್ವಿನ್ನಿನ ಹಗಲ ಬೆಳಕಿನಂತಿರಬೇಕು, ಕತ್ತಲೆಯಿಂದ ಬೆಳಕಿಗೆ ಏರುವ ಮೆಟ್ಟಿಲು ಸುಮಾರು 2.2 ರ ಘಾತವನ್ನು ಅನುಸರಿಸಬೇಕು ಎಂದು ಅದು ವಿಧಿಸುತ್ತದೆ.

ಯುವಕನು ಮಾಡಿದುದಿಷ್ಟು. ಗಾಜನ್ನು ಅರ್ಧ ಗಂಟೆ ಉರಿಯಗೊಟ್ಟು ಅದರ ಬೆಳಕು ನೆಲೆಗೊಂಡ ಮೇಲೆ, ಬಣ್ಣಗಳನ್ನು ಢಾಳಾಗಿಸುವ ಏರ್ಪಾಡನ್ನೂ ರಾತ್ರಿ ಹಳದಿಯೇರಿಸುವ ಏರ್ಪಾಡನ್ನೂ ನಿಲ್ಲಿಸಿದನು. ಹೊಳಪನ್ನು ಚದರ ಮೀಟರಿಗೆ 120 ಕ್ಯಾಂಡೆಲದ ಸುಮಾರಿಗೆ ಇಳಿಸಿದನು. ಬಣ್ಣ ಅಳೆಯುವ ಸಣ್ಣ ಉಪಕರಣವೊಂದನ್ನು ಎರವಲು ತಂದು ಗಾಜಿನ ಮುಖಕ್ಕೆ ತೂಗುಹಾಕಿದನು. ಕಂಪ್ಯೂಟರು ಬಣ್ಣದ ಚೌಕಗಳನ್ನು ಒಂದೊಂದಾಗಿ ತೋರಿಸಿತು; ಉಪಕರಣವು ಅಳೆಯಿತು; ಬೇಕಾದುದಕ್ಕೂ ಬಂದುದಕ್ಕೂ ಇರುವ ಅಂತರವನ್ನು ತಿಳಿಸುವ ಪ್ರೊಫೈಲು ಸಿದ್ಧವಾಯಿತು. ಉಪಕರಣವಿಲ್ಲದವರು ಕಣ್ಣಂದಾಜಿನಿಂದಲೇ ಹೊಂದಿಸುವಂತೆ ವಿಂಡೋಸಿನಲ್ಲಿಯೂ ಸಾಧನವುಂಟು. ಆದರೆ ಕಣ್ಣು ಬಹಳ ಒಗ್ಗಿಕೊಳ್ಳುವ ಸ್ವಭಾವದ್ದು. ಸಂಜೆಯ ದೀಪದ ಹಳದಿಯಲ್ಲಿಯೂ ಅದು ಕಾಗದವನ್ನು ಬಿಳಿಯೆಂದೇ ಒಪ್ಪಿಕೊಳ್ಳುತ್ತದೆ. ಇಂಥ ದಾಕ್ಷಿಣ್ಯದ ಸಾಕ್ಷಿಯನ್ನು ಪೂರ್ತಿಯಾಗಿ ನಂಬುವಂತಿಲ್ಲ.

ಹೀಗೆ ಗಾಜು ಶುದ್ಧವಾಯಿತು. ಕಷ್ಟ ಪೂರ್ತಿ ತೀರಲಿಲ್ಲ. ಕೊಳ್ಳುವವರ ಮನೆಯ ಗಾಜನ್ನು ಸರಿಮಾಡುವ ಅಧಿಕಾರ ಯಾರಿಗುಂಟು? ಅಲ್ಲದೆ, ನವಿಲುಗರಿಯ ಹಸುರಿನಂಥ ಕೆಲವು ಗಾಢವಾದ ಬಣ್ಣಗಳು ಎಸ್‌ಆರ್‌ಜಿಬಿಯ ಎಲ್ಲೆಯನ್ನೇ ಮೀರಬಲ್ಲವು. ಎಷ್ಟು ತಿದ್ದಿದರೂ ಆ ಕಟ್ಟಳೆಯೊಳಗೆ ಅವು ಮೂಡವು. ಆದುದರಿಂದ ಯುವಕನು ತಿಂಗಳಿಗೊಮ್ಮೆ ಗಾಜನ್ನು ಪರೀಕ್ಷಿಸುವುದರ ಜೊತೆಗೆ ಇನ್ನೊಂದು ಪದ್ಧತಿಯನ್ನೂ ಹಿಡಿದನು. ಸಂದೇಹಪಟ್ಟು ಕೇಳಿದವರಿಗೆ ಆ ಸೀರೆಯ ನೂಲಿನ ನಾಲ್ಕು ಎಳೆಗಳನ್ನು ಕಾಗದಕ್ಕೆ ಸುತ್ತಿ ಮೊದಲು ಅಂಚೆಯಲ್ಲಿ ಕಳುಹಿಸುವನು. ಎಳೆಯನ್ನು ನೋಡಿ ಬೇಡವೆಂದವರೂ ಇದ್ದಾರೆ. ಮಾರಾಟ ತಪ್ಪಿತೆಂದು ಮನೆಯಲ್ಲಿ ಯಾರೂ ಮರುಗಲಿಲ್ಲ. ಆ ಲಕೋಟೆಗಳಿಗೆ ಬೇಕಾದ ಎಳೆಗಳನ್ನು ಈಗ ತಂದೆಯೇ ಕತ್ತರಿಸಿ ಇಡುತ್ತಾನೆ.