ಯುಗಾದಿಗೆ ಮೂರು ದಿನ

ಬೆಳಗಿನ ಜಾವ ಐದೂಮುಕ್ಕಾಲು. ದಾವಣಗೆರೆಯ ಆನೆಕೊಂಡದ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಮೂಡಣದಲ್ಲಿ ಉಗುರು ಕತ್ತರಿಸಿ ಅಂಟಿಸಿದಷ್ಟು ತೆಳ್ಳಗೆ ಚಂದ್ರ. ನಾಡಿದ್ದು ಅಮಾವಾಸ್ಯೆ, ಅದರ ಮರುದಿನ ಹಬ್ಬ. ಹಿತ್ತಿಲ ಬಾಗಿಲು ತೆಗೆದರೆ ಬೇವಿನ ಹೂವಿನ ಕಂಪು ಮುಖಕ್ಕೇ ಬಡಿಯುತ್ತದೆ. ಅದೇ ಮರದೊಳಗಿಂದ ಗಂಡು ಕೋಗಿಲೆ ಕೂಗು ಎತ್ತಿದೆ. ಒಂದೊಂದು ಕೂಗೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೇರಿ, ಇನ್ನೇನು ದನಿ ಒಡೆಯಿತು ಅನ್ನುವಾಗ ಗಪ್ಪನೆ ನಿಲ್ಲುತ್ತದೆ.

ಪಕ್ಕದ ತೆಂಗಿನ ಗರಿಯ ಬುಡದಲ್ಲಿ ಕಾಗೆಯ ಗೂಡಿದೆ. ಕಡ್ಡಿಯ ನಡುವೆ ಹೊಸ ಮನೆ ಕಟ್ಟುವ ಕಡೆಯಿಂದ ಎತ್ತಿ ತಂದ ಕಂಬಿ ಕಟ್ಟುವ ತಂತಿಯೂ ಸೇರಿದೆ. ಕೋಗಿಲೆಯ ಕೂಗು ಕೇಳಿದ್ದೇ ಕಾಗೆ ಎದ್ದು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಗೂಡು ಕ್ಷಣಹೊತ್ತು ಬರಿದಾಗುತ್ತದೆ. ಮೈತುಂಬ ಚುಕ್ಕೆಯ ಕಂದು ಹೆಣ್ಣು ಕೋಗಿಲೆ ಮೊಟ್ಟೆಯಿಡಲು ಕಾಯುವುದು ಇಂಥ ಹೊತ್ತನ್ನೇ. ನಾವು ವಸಂತದ ಹಾಡು ಎಂದು ಕೇಳುವುದು ಮರದ ಮೇಲೆ ನಡೆದಿರುವ ಈ ಜಟಾಪಟಿಯನ್ನು.

ಬಟ್ಟೆ ಒಣಹಾಕುವ ತಂತಿಯ ತುದಿಗೆ ಹರಕು ಗೋಣಿಚೂರಿನಂಥದ್ದೊಂದು ಜೋತಾಡುತ್ತಿದೆ. ಅದು ಸೂರಕ್ಕಿಯ ಗೂಡು. ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿ ನಾರು, ತೊಗಟೆಯ ಚೂರು, ಒಣ ಎಲೆಗಳನ್ನು ಜೇಡರ ಬಲೆಯಿಂದ ಹೊಲಿದುಕೊಂಡು ಕಟ್ಟಿದ್ದು. ಬಾಗಿಲು ಪಕ್ಕಕ್ಕೆ, ಬಾಗಿಲ ಮೇಲೊಂದು ಪುಟ್ಟ ಸೂರು. ಗಂಡಿನ ಹೊಟ್ಟೆ ಹಳದಿ, ನೆತ್ತಿಯಲ್ಲಿ ಹಸಿರು ಮಿಂಚು. ಅದು ದಾಸವಾಳದಿಂದ ನುಗ್ಗೆಗೆ, ನುಗ್ಗೆಯಿಂದ ದಾಸವಾಳಕ್ಕೆ ಹಾರಾಡುತ್ತಿದೆ. ಒಳಗೆ ಕಾವಿಗೆ ಕೂತದ್ದು ಹೆಣ್ಣು. ಬಾಗಿಲಿಂದ ಬಾಗಿದ ಕೊಕ್ಕಷ್ಟೇ ಕಾಣುತ್ತದೆ. ಒದ್ದೆ ಸೀರೆ ಹಿಡಿದು ಬಂದ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದಲೇ ಪಿಸುಗುಡುತ್ತಾರೆ: "ತಂತಿ ಅಲ್ಲಾಡಿಸಬ್ಯಾಡಪಾ, ಮೊಟ್ಟಿ ಇಟ್ಟೇತಿ." ಎರಡು ಮನೆಯ ಬಟ್ಟೆಯೂ ಹತ್ತು ದಿನದಿಂದ ಮಾಳಿಗೆಯ ಮೇಲೆ ಒಣಗುತ್ತಿದೆ.

ಸ್ಕೂಟರ್ ಹತ್ತಿ ಊರು ದಾಟಿ ಕುಂದವಾಡ ಕೆರೆಗೆ ಬಂದಾಗ ಸೂರ್ಯ ಆಗಷ್ಟೇ ಮೇಲೆದ್ದಿದ್ದಾನೆ. ಏರಿಯ ಮೇಲೆ ವಾಕಿಂಗಿನವರ ಸಾಲು. ನೀರಿನಲ್ಲಿ ನಾಮದ ಕೋಳಿಗಳು, ಕರಿ ಮೈ, ಹಣೆಯಲ್ಲಿ ಬಿಳಿ ನಾಮ. ಅವುಗಳ ಮೇಲೆ ಬೂದು ಬೆನ್ನು, ಕಪ್ಪು ಟೋಪಿ, ಹಳದಿ ಕೊಕ್ಕಿನ ರೀವವೊಂದು ತಲೆ ಕೆಳಗೆ ಹಾಕಿ ನೀರಿನಲ್ಲಿ ಮೀನು ಹುಡುಕುತ್ತ ಹಾರುತ್ತಿದೆ.

ಈ ಹಕ್ಕಿಯ ಬಗ್ಗೆ ತುಸು ನಿಂತು ಹೇಳಬೇಕು. ಕುಂದವಾಡ ಕೆರೆ ತುಂಬುವುದು ಭದ್ರಾ ನಾಲೆಯ ನೀರಿನಿಂದ. ದಾವಣಗೆರೆಯ ಕೊಡಗಳು ತುಂಬುವುದಕ್ಕೂ ಈ ಕೆರೆ ಬೇಕು. ಬೇಸಿಗೆ ಭತ್ತಕ್ಕೆಂದು ನೀರು ಬಿಡುತ್ತ ಬಂದಂತೆ ಅತ್ತ ಲಕ್ಕವಳ್ಳಿಯ ಭದ್ರಾ ಜಲಾಶಯ ಇಳಿಯುತ್ತದೆ, ಹಿನ್ನೀರಿನ ನಡುಗಡ್ಡೆಗಳು ಬೆನ್ನು ತೋರುತ್ತವೆ. ಸಾವಿರಾರು ರೀವಗಳು ಅಲ್ಲಿ ಇಳಿದು, ಗೂಡೆಂಬುದೇ ಇಲ್ಲದೆ ಬರಿ ನೆಲದ ಕುಳಿಯಲ್ಲಿ ಮೊಟ್ಟೆಯಿಡುತ್ತವೆ. ನಮ್ಮ ಗದ್ದೆಗೆ ಹರಿದು ಬಂದ ನೀರೇ ಅಲ್ಲಿ ಅವಕ್ಕೆ ಜಾಗ ಬಿಟ್ಟುಕೊಟ್ಟಿರುತ್ತದೆ. ಹೊಳೆಯ ಮರಳುದಿಬ್ಬಗಳೂ ಈ ಹಕ್ಕಿಯ ಬಾಣಂತಿ ಮನೆಯೇ. ಮರಳು ಹೋದಲ್ಲಿ ಅದೂ ಹೋಗುತ್ತದೆ.

ಕುಂದವಾಡದ ಏರಿಯ ಕಲ್ಲು ಕಟ್ಟಿದ ಬದಿಯಲ್ಲಿ ನೀರುಕಾಗೆ ಬಿಟ್ಟರೆ ಬೇರೆ ಹಕ್ಕಿ ಇಲ್ಲ. ಮೆಟ್ಟುಗಾಲು ಹಕ್ಕಿಗೆ, ಸಿಪಿಲೆಗೆ ಮೊಣಕಾಲು ಮುಳುಗದ ನೀರು, ಹುಳು ಸಿಕ್ಕುವ ಕೆಸರು ಬೇಕು. ಅಂಥ ಕೆಸರಂಚು ಕಾಣಬೇಕೆಂದರೆ ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ ಹೋಗಬೇಕು.

ಎಂಟು ಗಂಟೆ. ಕುರುಚಲು ಗುಡ್ಡಗಳ ಮಡಿಲಲ್ಲಿ ಕೊಂಡಜ್ಜಿ ಕೆರೆ, ಸ್ಕೌಟ್ಸ್ ಮಕ್ಕಳು ಡೇರೆ ಹೂಡುವ ಜಾಗ. ನೀರು ಹಿಂದೆ ಸರಿದು, ಬಿರುಕು ಬಿಡುತ್ತಿರುವ ಕೆಸರಿನ ಪಟ್ಟಿಯೊಂದು ಉಳಿದಿದೆ. ಕಾಲಿಟ್ಟೊಡನೆ ಟಿಟ್ಟಿಭ ಗದರುತ್ತದೆ. ಅಲ್ಲಿಯೇ ಕುಳಿತುಬಿಡಿ. ಐದು ನಿಮಿಷಕ್ಕೆ ಅದು ಸುಮ್ಮನಾಗುತ್ತದೆ, ಆಗ ಕಣ್ಣಿಗೆ ಒಂದೊಂದೇ ತೆರೆದುಕೊಳ್ಳುತ್ತದೆ: ಕೆಂಪು ಕಾಲಿನ ಮೆಟ್ಟುಗಾಲುಗಳು, ಬಾಲ ಕುಣಿಸುವ ಹಳದಿ ಸಿಪಿಲೆ, ಅವುಗಳಾಚೆ ನೀರ ಮೇಲೆ ಕಂದು ಗೆರೆ ಎಳೆದಂತೆ ತೂಕಡಿಸುತ್ತಿರುವ ಬಾತುಗಳು. ದುರ್ಬೀನು ತಿರುಗಿಸಿದರೆ ಗಂಡಿನ ಕಣ್ಣ ಮೇಲಿಂದ ಕತ್ತಿನವರೆಗೆ ಬಾಗಿದ ಬಿಳಿ ಹುಬ್ಬು. ಬಿಳಿಹುಬ್ಬಿನ ಬಾತು, ಅರ್ಧ ಕೆಜಿಯೂ ತೂಗದ ಜೀವ. ಮೈಯಲ್ಲಿ ಕೊಬ್ಬು ತುಂಬಿಕೊಂಡು, ಒಂದು ಸಂಜೆ ಎದ್ದು, ಹಿಮಾಲಯದಾಚೆ ಸೈಬೀರಿಯಾದ ಕಡೆಗೆ ಹೊರಟುಬಿಡುತ್ತದೆ.

ಎಮ್ಮೆ ಮೇಯಿಸಲು ಬಂದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಬೀಡಿ ಹಚ್ಚುತ್ತಾರೆ. "ಹಬ್ಬ ಆದ್ ಮ್ಯಾಲೆ ಇವು ಬಾಳ ದಿನ ಇರಲ್ರೀ. ಮತ್ತೆ ದೀಪಾವಳಿ ಹೊತ್ತಿಗೆ ಬರ್ತಾವು." ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಗುಂಪಿನಲ್ಲೊಂದು ಗಂಡು ರೆಕ್ಕೆ ಬಿಚ್ಚಿ ಮೈ ಕೊಡವುತ್ತದೆ. ಹತ್ತಿಪ್ಪತ್ತು ಬಾತುಗಳು ಒಟ್ಟಿಗೇ ಎದ್ದು, ಕೆರೆಯ ಮೇಲೆ ಒಂದು ಸುತ್ತು ಹಾಕಿ, ಬಿಟ್ಟ ಜಾಗಕ್ಕೇ ಮರಳಿ ಇಳಿಯುತ್ತವೆ. ಇನ್ನೂ ದಿನ ಕೂಡಿಲ್ಲ.

ಇಂಥ ಕೆರೆಗಳಿಗೆ ಹೆಸರು ಬಂದದ್ದೂ ಇದೆ. 2024ರ ಜನವರಿಯಲ್ಲಿ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರವೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿದವು. ಎರಡೂ ರೈತರ ಕೆರೆಗಳೇ. ಅಂಕಸಮುದ್ರದಲ್ಲಿ ನೀರೊಳಗೆ ನಿಂತ ಜಾಲಿ ಮರಗಳನ್ನು ಕಡಿಯದೆ ಬಿಟ್ಟದ್ದಕ್ಕೆ ಕೊಕ್ಕರೆಗಳು ಗೂಡು ಕಟ್ಟಿದವು. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ನಮ್ಮ ಕೆರೆಗಳೂ ಅವಕ್ಕಿಂತ ಕಡಿಮೆಯವಲ್ಲ. ಕೆಸರಿನ ಅಂಚನ್ನು ಉಳಿಸಿಕೊಳ್ಳಬೇಕು, ಅಷ್ಟೆ.

ನಿಮ್ಮೂರ ಕೆರೆಯ ಅಭಿವೃದ್ಧಿಗೆಂದು ಸಭೆ ಕರೆದರೆ ತಪ್ಪದೆ ಹೋಗಿ. ಒಂದು ಬದಿಯಾದರೂ ಕಲ್ಲು ಕಟ್ಟದೆ, ಹೂಳು ಬಗೆಯದೆ, ಕೆಸರಾಗಿಯೇ ಬಿಡಿ ಎಂದು ಕೇಳಿ.